ಹಲ್ಲಿನ ಕೆಲಸಕ್ಕೆ ಮಂಪರು: ಸಿರಪ್ಪಾ, ಮೂಗಿನ ಹನಿಯಾ, ಗ್ಯಾಸಾ?

ಪ್ರಶ್ನೆ: ಡಾಕ್ಟರ್ ಸಾಹೇಬ್ರೇ, ನಾನು ಹುಮನಾಬಾದ್ ಕಡೆಯ ಶಾಲಾ ಮಾಸ್ತರ. ಮಗಳಿಗೆ ಐದು ವರ್ಷ, ತೂಕ 16 ಕೆ.ಜಿ. ಆರು ಹಲ್ಲು ಹುಳುಕಾಗಿವೆ. ಕುರ್ಚಿ ಕಂಡರೆ ಸಾಕು, ಚೀರಾಡುತ್ತಾಳೆ. ಒಬ್ಬ ಡಾಕ್ಟರು ಮಿಡಜೋಲಾಮ್ ಕುಡಿಸಿ ಮಾಡೋಣ ಅಂದರು. ಇನ್ನೊಬ್ಬರು ಅದು ಹಳೆಯದಾಯಿತು, ಈಗ ಡೆಕ್ಸ್‌ಮೆಡಿಟೊಮಿಡಿನ್ ಅಂತ ಮೂಗಿಗೆ ಹಾಕುವ ಔಷಧ ಇದೆ ಅಂದರು. ಹೈದರಾಬಾದಿನಲ್ಲಿರುವ ತಮ್ಮ ಗ್ಯಾಸ್ ಕೊಡಿಸು ಅಂತಾನೆ. ಮತ್ತೊಂದು ಕಡೆ ಪೂರ್ತಿ ಬೇಹೋಷಿ ಕೊಟ್ಟು ಒಂದೇ ಸಲ ಮುಗಿಸೋಣ ಅಂದರು. ಇವುಗಳಲ್ಲಿ ಯಾವುದು ಒಳ್ಳೆಯದು? ನಮ್ಮ ಅವ್ವನಿಗೂ 64 ವರ್ಷ, ಬಿ.ಪಿ. ಇದೆ, ಎರಡು ದವಡೆ ಹಲ್ಲು ಕೀಳಿಸಬೇಕು. ಆಕೆಗೂ ಹೆದರಿಕೆ. ಮೆಡಿಕಲ್ ಅಂಗಡಿಯವರು ಒಂದು ಅಲ್ಪ್ರಾಜೋಲಾಮ್ ನುಂಗಿಸಿ ಕರೆದುಕೊಂಡು ಹೋಗಿ ಅಂದರು. ಸರಿಯಾ? ಕೊನೆಯದಾಗಿ, ಈ ಔಷಧಗಳಿಂದ ಮಗಳ ಬುದ್ಧಿಗೆ ಏನಾದರೂ ಆಗುತ್ತಾ?

ಉತ್ತರ: ಮಾಸ್ತರ್ರೇ, ಮೆಡಿಕಲ್ ಅಂಗಡಿಯವರನ್ನು ಬಿಟ್ಟರೆ ನಿಮಗೆ ಯಾರೂ ತಪ್ಪು ಹೇಳಿಲ್ಲ. ನಾಲ್ಕೂ ನಿಜವಾಗಿ ಇರುವ ದಾರಿಗಳೇ. ಆದರೆ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸುತ್ತೇನೆ. ಔಷಧ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಕೆಲಸ ಮಾಡಿಬಿಟ್ಟರೆ ಏನಾಗುತ್ತದೆ? ಆಗ ಮಗುವಿನ ಉಸಿರು ನೋಡಿಕೊಳ್ಳಲು ಪಕ್ಕದಲ್ಲಿ ಯಾರಿರುತ್ತಾರೆ? ಅರಿವಳಿಕೆ ವೈದ್ಯನಾಗಿ ನಾನು ಮೊದಲು ನೋಡುವುದು ಇದನ್ನೇ. ಔಷಧದ ಹೆಸರು ಆಮೇಲೆ.

ಎಚ್ಚರ ಇರುವ ಮಂಪರು ಅಂದರೆ ಇಷ್ಟೇ. ಮಗು ತೂಕಡಿಸುತ್ತಿರುತ್ತದೆ, ಆದರೆ ಹೆಸರು ಹಿಡಿದು ಕರೆದರೆ ಕಣ್ಣು ಬಿಡುತ್ತದೆ. ‘ಬಾಯಿ ತೆಗಿ ಪುಟ್ಟಿ’ ಅಂದರೆ ತೆಗೆಯುತ್ತದೆ. ತಾನೇ ಉಸಿರಾಡುತ್ತದೆ. ಗಂಟಲಿಗೆ ನೀರು ಇಳಿದರೆ ಕೆಮ್ಮುತ್ತದೆ. ಈ ಕೆಮ್ಮು ಬಹಳ ಮುಖ್ಯ, ಯಾಕೆಂದರೆ ಹಲ್ಲಿನ ಕೆಲಸದಲ್ಲಿ ಬಾಯಿ ತುಂಬ ನೀರು, ರಕ್ತ, ಹಲ್ಲಿನ ಚೂರು ಇರುತ್ತವೆ. ಬೇರೆ ಆಪರೇಷನ್‌ನಲ್ಲಿ ಉಸಿರಿನ ದಾರಿ ನನ್ನ ಕೈಯಲ್ಲಿರುತ್ತದೆ. ಇಲ್ಲಿ ಅದೇ ದಾರಿಯಲ್ಲಿ ಹಲ್ಲಿನ ಡಾಕ್ಟರೂ ಕೆಲಸ ಮಾಡುತ್ತಿರುತ್ತಾರೆ.

ಮಂಪರು ಅನ್ನುವುದು ಹಳೆಯ ಬಾವಿಯ ಮೆಟ್ಟಿಲಿನ ಹಾಗೆ. ಮೊದಲ ಮೆಟ್ಟಿಲಲ್ಲಿ ಹೆದರಿಕೆ ಇಳಿಯುತ್ತದೆ. ಎರಡನೆಯದರಲ್ಲಿ ತೂಕಡಿಕೆ. ಮೂರನೆಯದರಲ್ಲಿ ಕರೆದರೂ ಏಳದ ನಿದ್ದೆ. ಅದರ ಕೆಳಗೆ ಪೂರ್ತಿ ಅರಿವಳಿಕೆ. ಎರಡನೇ ಮೆಟ್ಟಿಲಿಗೆ ಅಂತ ಕೊಟ್ಟ ಪ್ರಮಾಣವೇ ಇನ್ನೊಂದು ಮಗುವನ್ನು ಮೂರನೆಯದಕ್ಕೆ ಒಯ್ಯಬಹುದು. ಹಾಗಾಗಿ ಒಂದು ಔಷಧವನ್ನು ಇನ್ನೊಂದರ ಜೊತೆ ತೂಗುವಾಗ ನಾನು ಕೇಳುವುದು ಹೀಗೆ: ಈ ಮೆಟ್ಟಿಲುಗಳ ನಡುವೆ ಅಂತರ ಎಷ್ಟಿದೆ? ಸ್ವಲ್ಪ ಸ್ವಲ್ಪ ಕೊಟ್ಟು ನೋಡಲು ಆಗುತ್ತದಾ, ಇಲ್ಲ ಒಂದೇ ಸಲ ಕೊಟ್ಟು ಕಾಯಬೇಕಾ? ಜಾಸ್ತಿ ಆದರೆ ವಾಪಸು ತರುವ ಔಷಧ ಇದೆಯಾ? ಕೆಲಸ ಮುಗಿದ ಮೇಲೆ ಎಷ್ಟು ಹೊತ್ತು ದೇಹದಲ್ಲಿ ಉಳಿಯುತ್ತದೆ?

ಮಿಡಜೋಲಾಮ್‌ನಿಂದ ಶುರು ಮಾಡೋಣ. ಇದು ಹೆದರಿಕೆ ಇಳಿಸಿ ನಿದ್ದೆ ತರಿಸುವ ಡಯಜೆಪಾಮ್ ಕುಟುಂಬದ್ದು. 1970ರ ದಶಕದಲ್ಲಿ ರೋಶ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿತು. ಡಯಜೆಪಾಮ್ ನೀರಿನಲ್ಲಿ ಕರಗುವುದಿಲ್ಲ, ರಕ್ತನಾಳಕ್ಕೆ ಕೊಟ್ಟರೆ ಉರಿಯುತ್ತದೆ. ದೇಹದಿಂದ ಪೂರ್ತಿ ಹೋಗಲು ದಿನಗಳೇ ಬೇಕು. ಮಿಡಜೋಲಾಮ್ ಆಂಪೂಲ್, ಅಂದರೆ ಇಂಜೆಕ್ಷನ್‌ನ ಗಾಜಿನ ಶೀಶೆಯ ಒಳಗಿನ ಹುಳಿ ದ್ರಾವಣದಲ್ಲಿ ಕರಗಿರುತ್ತದೆ. ರಕ್ತಕ್ಕೆ ಸೇರಿದ ಕೂಡಲೇ ರೂಪ ಬದಲಿಸಿ ಮಿದುಳಿಗೆ ಬೇಗ ಹೋಗುತ್ತದೆ. ಎರಡು ಗಂಟೆಯ ಆಸುಪಾಸಿನಲ್ಲಿ ರಕ್ತದಲ್ಲಿ ಅರ್ಧದಷ್ಟು ಇಳಿಯುತ್ತದೆ. ಅದೇ ಹುಳಿಯ ಕಾರಣಕ್ಕೆ ಮೂಗಿಗೆ ಹಾಕಿದರೆ ಚುರುಚುರು ಉರಿದು ಮಗು ಅಳುತ್ತದೆ.

ಬಾಯಿಂದ ಕೊಡುವುದಾದರೆ ಸಾಮಾನ್ಯವಾಗಿ ಕೆ.ಜಿ.ಗೆ 0.3ರಿಂದ 0.5 ಮಿ.ಗ್ರಾಂ. 20ರಿಂದ 30 ನಿಮಿಷ ಕಾಯಬೇಕು. ಆಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಕೆಲಸಕ್ಕೆ ಸಿಗುತ್ತದೆ. ತುಂಬ ಕಹಿ. ಜ್ಯೂಸಿನಲ್ಲಿ ಬೆರೆಸಿದರೂ ಕೆಲವು ಮಕ್ಕಳು ಅರ್ಧ ಉಗಿದುಬಿಡುತ್ತಾರೆ. ಆಗ ಒಳಗೆ ಹೋದದ್ದು ಎಷ್ಟು ಅಂತ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದೆ ಮತ್ತೊಂದು ಡೋಸ್ ಕೊಡುವುದು ಅಪಾಯ. ನುಂಗಿದ ಔಷಧದಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ರಕ್ತಕ್ಕೆ ತಲುಪುತ್ತದೆ, ಉಳಿದದ್ದನ್ನು ಕರುಳು ಮತ್ತು ಯಕೃತ್ತು ಮೊದಲೇ ಒಡೆದುಹಾಕುತ್ತವೆ. ಈ ಒಡೆಯುವ ಕೆಲಸವನ್ನು ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್, ಫ್ಲುಕೊನಜೋಲ್ ತಡೆಯುತ್ತವೆ. ಆಗ ಅದೇ ಡೋಸ್ ಬಹಳ ಜಾಸ್ತಿ ಕೆಲಸ ಮಾಡುತ್ತದೆ. ಹಲ್ಲಿನ ಕೀವಿಗೆ ಮಗುವಿಗೆ ಯಾವ ಆಂಟಿಬಯಾಟಿಕ್ ನಡೆಯುತ್ತಿದೆ ಅಂತ ಹೇಳಲೇಬೇಕು. ಅಮಾಕ್ಸಿಸಿಲಿನ್ ಆದರೆ ಈ ತೊಂದರೆ ಇಲ್ಲ.

ಮಿಡಜೋಲಾಮ್‌ನ ಎರಡು ಗುಣ ನನಗೆ ಇಷ್ಟ. ಒಂದು, ಮರೆವು. ಕೆಲಸ ನಡೆದದ್ದು ಮಗುವಿಗೆ ಮರುದಿನ ಅಷ್ಟಾಗಿ ನೆನಪಿರುವುದಿಲ್ಲ, ಹೀಗಾಗಿ ಮುಂದಿನ ಸಲ ಹೆದರಿಕೆ ಬೆಳೆಯುವುದಿಲ್ಲ. ಇನ್ನೊಂದು, ಇದಕ್ಕೆ ಫ್ಲುಮಾಜೆನಿಲ್ ಅನ್ನುವ ಎದುರು ಮದ್ದು ಇದೆ. ರಕ್ತನಾಳಕ್ಕೆ ಕೊಟ್ಟರೆ ಒಂದೆರಡು ನಿಮಿಷದಲ್ಲಿ ಮಗು ಎಚ್ಚರಾಗುತ್ತದೆ. ಆದರೆ ಫ್ಲುಮಾಜೆನಿಲ್ ಬೇಗ ಇಳಿದುಹೋಗುತ್ತದೆ, ಮಿಡಜೋಲಾಮ್ ಇನ್ನೂ ಉಳಿದಿರುತ್ತದೆ. ಎಚ್ಚರಾಯಿತು ಅಂತ ಮನೆಗೆ ಕಳಿಸಿದರೆ ದಾರಿಯಲ್ಲಿ ಮತ್ತೆ ಮಂಪರು ಹತ್ತಬಹುದು. ಕೆಟ್ಟ ಗುಣವೂ ಇದೆ. ಕೆಲವು ಮಕ್ಕಳಿಗೆ ಇದು ಉಲ್ಟಾ ಹೊಡೆಯುತ್ತದೆ. ಶಾಂತ ಆಗುವ ಬದಲು ಹಟ, ಕೂಗಾಟ, ಒದೆತ. ಆಗ ಡೋಸ್ ಹೆಚ್ಚಿಸಬಾರದು, ಆ ದಿನದ ಕೆಲಸ ನಿಲ್ಲಿಸಬೇಕು.

ಇನ್ನು ಡೆಕ್ಸ್‌ಮೆಡಿಟೊಮಿಡಿನ್. ‘ಹೊಸದು’ ಅನ್ನುವ ಮಾತು ಅರ್ಧ ಸರಿ. 1999ರಲ್ಲೇ ಅಮೆರಿಕದಲ್ಲಿ ಐ.ಸಿ.ಯು. ರೋಗಿಗಳಿಗೆ ಒಪ್ಪಿಗೆ ಸಿಕ್ಕಿತ್ತು. ಹಲ್ಲಿನ ಕುರ್ಚಿಗೆ ಬಂದದ್ದು ತಡವಾಗಿ. ಇದು ಮಿದುಳಿನಲ್ಲಿ ಎಚ್ಚರ ಕಾಯುವ ಜಾಗವನ್ನೇ ತಣ್ಣಗೆ ಮಾಡುತ್ತದೆ. ಹಾಗಾಗಿ ಬರುವ ನಿದ್ದೆ ಸಹಜ ನಿದ್ದೆಯ ಹಾಗೇ ಇರುತ್ತದೆ, ಉಸಿರು ಕುಗ್ಗುವುದು ಬಹಳ ಕಡಿಮೆ. ಮೂಗಿಗೆ ಹಾಕಿದರೆ ಉರಿಯುವುದಿಲ್ಲ, ಕಹಿಯೂ ಇಲ್ಲ. ಸ್ವಲ್ಪ ನೋವನ್ನೂ ಕಡಿಮೆ ಮಾಡುತ್ತದೆ, ಮಿಡಜೋಲಾಮ್‌ಗೆ ಆ ಗುಣ ಇಲ್ಲವೇ ಇಲ್ಲ. ಇಷ್ಟು ಓದಿದರೆ ಇದೇ ಬೆಸ್ಟ್ ಅನ್ನಿಸುತ್ತದೆ ಅಲ್ವಾ?

ತಡೆಯಿರಿ. ಮೂಗಿನಿಂದ ಕೊಟ್ಟರೆ ಹತ್ತಲು 25 ನಿಮಿಷದಿಂದ ಮುಕ್ಕಾಲು ಗಂಟೆ ಬೇಕು. ಒಮ್ಮೆ ಹತ್ತಿದರೆ ಇಳಿಯಲೂ ಜಾಸ್ತಿ ಹೊತ್ತು. ಸ್ಕ್ಯಾನ್ ಮಾಡಿಸುವ ಮಗುವಿಗೆ ಇದು ಹೇಳಿ ಮಾಡಿಸಿದ ಔಷಧ, ಯಾಕೆಂದರೆ ಅಲ್ಲಿ ಯಾರೂ ಮಗುವನ್ನು ಮುಟ್ಟುವುದಿಲ್ಲ. ಹಲ್ಲಿನ ಕುರ್ಚಿಯಲ್ಲಿ ಹಲ್ಲು ಕೊರೆಯುವ ಏರೋಟರ್ ಯಂತ್ರ ಚುಂಯ್ ಅಂದಾಗ, ಒಸಡಿಗೆ ಸೂಜಿ ಚುಚ್ಚಿದಾಗ, ನಿದ್ದೆ ತಟ್ಟನೆ ಬಿಟ್ಟು ಮಗು ಎದ್ದು ಕೂರಬಹುದು. ಸಹಜ ನಿದ್ದೆಯ ಹಾಗಿದೆ ಅನ್ನುವ ಗುಣವೇ ಇಲ್ಲಿ ಅವಗುಣ. ಮರೆವೂ ಮಿಡಜೋಲಾಮ್‌ನಷ್ಟು ಬರುವುದಿಲ್ಲ. ನಾಡಿಬಡಿತ ಮತ್ತು ಬಿ.ಪಿ. ಇಳಿಸುತ್ತದೆ. ಆರೋಗ್ಯವಂತ ಮಗುವಿಗೆ ಇದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಆದರೆ ಹೃದಯದ ತೊಂದರೆ ಇದ್ದರೆ ಮಾತು ಬೇರೆ. ಮನುಷ್ಯರಿಗೆ ಒಪ್ಪಿಗೆ ಪಡೆದ ಎದುರು ಮದ್ದು ಇದಕ್ಕೆ ಇಲ್ಲ. ದನ, ನಾಯಿಗಳಿಗೆ ಮಂಪರು ಕೊಡುವ ಪಶು ವೈದ್ಯರ ಹತ್ತಿರ ಈ ಜಾತಿಯ ಔಷಧಗಳಿಗೆ ಎದುರು ಮದ್ದು ಇದೆ, ನಮ್ಮ ಹತ್ತಿರ ಇಲ್ಲ!

ಇನ್ನೊಂದು ಮಾತು. ಮೂಗಿಗೆ ಹಾಕುವುದು ಕೆ.ಜಿ.ಗೆ 1ರಿಂದ 2 ಮೈಕ್ರೋಗ್ರಾಂ. ಆಂಪೂಲ್‌ನಲ್ಲಿ ಒಂದು ಮಿ.ಲೀ.ಗೆ 100 ಮೈಕ್ರೋಗ್ರಾಂ ಇರುತ್ತದೆ. ನಿಮ್ಮ ಮಗಳಿಗೆ ಬೇಕಾಗುವುದು ಹೆಚ್ಚೆಂದರೆ ಒಂದು ಮಿ.ಲೀ.ಯ ಮೂರನೇ ಒಂದು ಭಾಗ. ದಶಮಾಂಶದ ಚುಕ್ಕಿ ಒಂದು ಮನೆ ಜರುಗಿದರೆ ಡೋಸ್ ಹತ್ತು ಪಟ್ಟು. ಅದಕ್ಕೇ ಸಣ್ಣ ಸಿರಿಂಜು, ಇಬ್ಬರು ಓದಿ ನೋಡುವ ಪದ್ಧತಿ. ಅಂದಹಾಗೆ ಇದು ಮೂಲತಃ ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್. ಮೂಗಿಗೆ ಹಾಕುವುದು ವೈದ್ಯರ ಅನುಭವ ಮತ್ತು ಅಧ್ಯಯನಗಳ ಆಧಾರದಲ್ಲಿ ಬಂದ ಪದ್ಧತಿ, ಅದು ಲೇಬಲ್ ಮೇಲೆ ಇಲ್ಲ. ಡಾಕ್ಟರು ಇದನ್ನು ನಿಮಗೆ ಮೊದಲೇ ಹೇಳಬೇಕು.

ನಿಮ್ಮ ತಮ್ಮ ಹೇಳಿದ ಗ್ಯಾಸ್ ಎಲ್ಲಕ್ಕಿಂತ ಹಳೆಯದು. ನೈಟ್ರಸ್ ಆಕ್ಸೈಡ್. 1844ರ ಡಿಸೆಂಬರ್‌ನಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನ ಹಲ್ಲಿನ ವೈದ್ಯ ಹೊರೇಸ್ ವೆಲ್ಸ್ ತಾನೇ ಈ ಗ್ಯಾಸ್ ಎಳೆದುಕೊಂಡು, ಇನ್ನೊಬ್ಬ ವೈದ್ಯನಿಂದ ತನ್ನ ಹಲ್ಲು ಕೀಳಿಸಿಕೊಂಡ. ಅರಿವಳಿಕೆಯ ಇತಿಹಾಸ ಹೇಳುವಾಗ ಹಲ್ಲಿನ ಡಾಕ್ಟರುಗಳನ್ನು ಬಿಡುವ ಹಾಗೇ ಇಲ್ಲ, ನಮ್ಮವರು ಒಪ್ಪದಿದ್ದರೂ. ಆಕ್ಸಿಜನ್ ಜೊತೆ ಬೆರೆಸಿ ಮೂಗಿನ ಮಾಸ್ಕ್ ಮೂಲಕ ಕೊಡುತ್ತಾರೆ, ಸಾಮಾನ್ಯವಾಗಿ ನೂರಕ್ಕೆ 30ರಿಂದ 50ರಷ್ಟು. ಹಲ್ಲಿನ ಕೆಲಸಕ್ಕೆಂದೇ ಮಾಡಿದ ಯಂತ್ರಗಳಲ್ಲಿ ಆಕ್ಸಿಜನ್ 30ಕ್ಕಿಂತ ಕೆಳಗೆ ಇಳಿಯದಂತೆ ಬೀಗ ಇರುತ್ತದೆ. ಮೂರು ನಾಲ್ಕು ನಿಮಿಷದಲ್ಲಿ ಹತ್ತುತ್ತದೆ. ಜಾಸ್ತಿ ಆಯಿತಾ, ಗುಂಡಿ ತಿರುಗಿಸಿ ಕಡಿಮೆ ಮಾಡಿದರೆ ಆಯಿತು. ಕೊನೆಗೆ ಐದು ನಿಮಿಷ ಬರೀ ಆಕ್ಸಿಜನ್ ಕೊಟ್ಟರೆ ಮಗು ನಡೆದುಕೊಂಡೇ ಹೋಗುತ್ತದೆ. ಮೇಲೆ ಹೇಳಿದ ನಾಲ್ಕೂ ಪ್ರಶ್ನೆಗೆ ಇಷ್ಟು ಚೆನ್ನಾಗಿ ಉತ್ತರ ಕೊಡುವ ಔಷಧ ಇನ್ನೊಂದಿಲ್ಲ.

ಮುಖ್ಯ ತೊಡಕು ಒಂದೇ. ಮಗು ಮಾಸ್ಕ್ ಇಟ್ಟುಕೊಂಡು ಮೂಗಿನಿಂದ ಉಸಿರಾಡಬೇಕು. ಬಾಯಿ ಬಿಟ್ಟು ಚೀರುವ ಮಗುವಿಗೆ ಗ್ಯಾಸ್ ಒಳಗೆ ಹೋಗುವುದೇ ಇಲ್ಲ. ನೆಗಡಿ, ಮೂಗು ಕಟ್ಟುವುದು, ಮೂಗಿನ ಹಿಂದೆ ಅಡಿನಾಯ್ಡ್ ಗಂಟು ಊದಿದ್ದರೂ ಅಷ್ಟೇ. ಕಿವಿ ಸೋರುವ, ಕಿವಿ ನೋವಿರುವ ಮಗುವಿಗೆ ಬೇಡ, ಮುಚ್ಚಿದ ಜಾಗದಲ್ಲಿ ಈ ಗ್ಯಾಸ್ ತುಂಬಿಕೊಂಡು ಒತ್ತಡ ಹೆಚ್ಚಿಸುತ್ತದೆ. ಇದು ಬಿ12 ವಿಟಮಿನ್ನನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಅರ್ಧ ಗಂಟೆಯ ಒಂದು ಸಲಕ್ಕೆ ಯಾರಿಗೂ ಏನೂ ಆಗುವುದಿಲ್ಲ ಅನ್ನಬಹುದು. ಆದರೆ ನಮ್ಮ ಕಡೆ ಮೊಟ್ಟೆ ಮಾಂಸ ಮುಟ್ಟದ ಮನೆಗಳು ಬಹಳ, ಬಿ12 ಕೊರತೆ ಸಾಮಾನ್ಯ. ಕೊರತೆ ಇದೆ ಅಂತ ಮೊದಲೇ ಗೊತ್ತಿದ್ದರೆ ಹೇಳಿ. ರೂಮಿನಲ್ಲಿ ಗ್ಯಾಸ್ ಹೊರಗೆ ಎಳೆಯುವ ವ್ಯವಸ್ಥೆ ಇರಬೇಕು. ಅದು ನಿಮ್ಮ ಮಗಳಿಗಿಂತ ದಿನವೂ ಅಲ್ಲೇ ಉಸಿರಾಡುವ ಡಾಕ್ಟರು, ನರ್ಸುಗಳಿಗೆ ಬೇಕು, ಅದರಲ್ಲೂ ಗರ್ಭಿಣಿಯರಿಗೆ.

ಕೆಟಮೈನ್, ಪ್ರೊಪೊಫಾಲ್ ಹೆಸರು ನಿಮ್ಮ ಪತ್ರದಲ್ಲಿ ಇಲ್ಲ, ಆದರೂ ಯಾರಾದರೂ ಹೇಳಿಯಾರು. ಕೆಟಮೈನ್ ನಮ್ಮ ಜಿಲ್ಲಾ ಆಸ್ಪತ್ರೆಗಳ ಹಳೆಯ ಗೆಳೆಯ. ಬಿ.ಪಿ. ಬೀಳಿಸುವುದಿಲ್ಲ, ಉಸಿರು ನಿಲ್ಲಿಸುವುದು ಅಪರೂಪ, ನೋವು ಚೆನ್ನಾಗಿ ತಡೆಯುತ್ತದೆ. ಆದರೆ ಕಣ್ಣು ತೆರೆದಿದ್ದರೂ ಮಗು ಅಲ್ಲಿ ಇರುವುದಿಲ್ಲ, ಕರೆದರೆ ಓಗೊಡುವುದಿಲ್ಲ. ಅದನ್ನು ಎಚ್ಚರದ ಮಂಪರು ಅನ್ನಲಾಗದು. ಜೊಲ್ಲು ಬಹಳ ಸುರಿಸುತ್ತದೆ. ಅದರ ಮೇಲೆ ಏರೋಟರ್‌ನ ನೀರು ಸೇರಿ ಗಂಟಲ ಬಾಗಿಲು ಬಿಗಿದುಕೊಂಡರೆ ಅರಿವಳಿಕೆ ವೈದ್ಯ ಇಲ್ಲದ ಕಡೆ ನಿಭಾಯಿಸಲು ಆಗುವುದಿಲ್ಲ. ಪ್ರೊಪೊಫಾಲ್ ಹಾಲಿನ ಬಣ್ಣದ ಇಂಜೆಕ್ಷನ್, ಬೇಗ ಬರುತ್ತದೆ, ಬೇಗ ಹೋಗುತ್ತದೆ. ಮೆಟ್ಟಿಲುಗಳ ಅಂತರ ಬಹಳ ಕಿರಿದು, ಎದುರು ಮದ್ದು ಇಲ್ಲ. 2009ರಲ್ಲಿ ಗಾಯಕ ಮೈಕೆಲ್ ಜಾಕ್ಸನ್ ಮನೆಯಲ್ಲೇ ಸತ್ತದ್ದು ಇದರಿಂದ. ಆಪರೇಷನ್ ಥಿಯೇಟರಿನಲ್ಲಿ ನಾವು ದಿನವೂ ಬಳಸುವ ಔಷಧ ಅದು. ಥಿಯೇಟರಿನ ಹೊರಗೆ, ಒಬ್ಬರೇ ಹಲ್ಲಿನ ಡಾಕ್ಟರು ಇರುವ ಕ್ಲಿನಿಕ್ಕಿನಲ್ಲಿ, ಇವೆರಡೂ ಬೇಡ.

ಒಂದು ವಿಷಯಕ್ಕೆ ಮಾತ್ರ ನಾನು ಸ್ವಲ್ಪ ಜೋರಾಗಿ ಮಾತಾಡುತ್ತೇನೆ. ‘ಮನೆಯಲ್ಲೇ ನಿದ್ದೆ ಸಿರಪ್ ಕುಡಿಸಿ ಕರೆತನ್ನಿ’ ಅಂತ ಯಾರಾದರೂ ಹೇಳಿದರೆ ಅಲ್ಲಿಗೆ ಹೋಗಬೇಡಿ. ನಮ್ಮಲ್ಲಿ ಸಿಗುವ ಆ ಸಿರಪ್ ಸಾಮಾನ್ಯವಾಗಿ ಟ್ರೈಕ್ಲೋಫಾಸ್. ಮಿದುಳಿನ ಇ.ಇ.ಜಿ. ತೆಗೆಯುವಾಗ ಕೊಡುತ್ತಾರೆ. ಅದು ದೇಹದಲ್ಲಿ ಕ್ಲೋರಲ್ ಹೈಡ್ರೇಟ್ ಕೊಡುವ ವಸ್ತುವನ್ನೇ ಕೊಡುತ್ತದೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆ ಕಲಬೆರಕೆ ಸೇಂದಿಗೆ ಬೆರೆಸುವ ಸಿ.ಎಚ್. ಪೌಡರ್ ಅಂತಾರಲ್ಲ, ಅದೇ ಕ್ಲೋರಲ್ ಹೈಡ್ರೇಟ್. ಎದುರು ಮದ್ದು ಇಲ್ಲ, ಗಂಟೆಗಟ್ಟಲೆ ಉಳಿಯುತ್ತದೆ, ಜಾಸ್ತಿ ಆದರೆ ಹೃದಯದ ಲಯ ತಪ್ಪಿಸುತ್ತದೆ. ಬೈಕಿನಲ್ಲಿ ಅಪ್ಪ ಅಮ್ಮನ ನಡುವೆ ಕೂತ ಮಗುವಿನ ತಲೆ ಎದೆಗೆ ಬಾಗಿದರೆ ಉಸಿರಿನ ದಾರಿ ಮುಚ್ಚುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಿದ್ದೆ ಬಂತು ಅಂದುಕೊಳ್ಳುತ್ತಾರೆ. ಯಾವ ಮಂಪರು ಔಷಧವನ್ನೂ ಆಸ್ಪತ್ರೆಯ ಹೊರಗೆ ಮಗುವಿಗೆ ಕೊಡಬಾರದು.

ಹೊಸ ಔಷಧ ಹಳೆಯದಕ್ಕಿಂತ ಒಳ್ಳೆಯದು ಅಂತ ತೋರಿಸುವ ಅಧ್ಯಯನಗಳು ಬಹಳ ಇವೆ. ಆದರೆ ಹೆಚ್ಚಿನವುಗಳಲ್ಲಿ ಇರುವುದು 40, 60 ಮಕ್ಕಳು. ಮಗು ಎಷ್ಟು ಅತ್ತಿತು, ಎಷ್ಟು ಅಲುಗಾಡಿತು, ಕೆಲಸ ಮುಗಿಯಿತಾ ಅಂತ ಅಂಕ ಹಾಕುತ್ತಾರೆ. ಅದನ್ನು ಅಳೆಯಲು 60 ಮಕ್ಕಳು ಸಾಕು. ಸುರಕ್ಷಿತ ಅಂತ ಹೇಳಲು ಸಾಲದು. 60ರಲ್ಲಿ ಒಬ್ಬರಿಗೂ ತೊಂದರೆ ಆಗಲಿಲ್ಲ ಅಂದರೂ ನಿಜವಾದ ಅಪಾಯ 20ಕ್ಕೆ ಒಂದರವರೆಗೂ ಇರಬಹುದು ಅಂತ ಸಂಖ್ಯಾಶಾಸ್ತ್ರ ಹೇಳುತ್ತದೆ. ನೀವು ಗಣಿತ ಕಲಿಸುವವರಾದರೆ ನೋಡಿ, ಮೂರನ್ನು 60ರಿಂದ ಭಾಗಿಸಿದರೆ ಬರುವ ಲೆಕ್ಕ ಅದು. ಮಕ್ಕಳ ಹಲ್ಲಿನ ಮಂಪರಿನ ಬಗ್ಗೆ ಕೊಕ್ರೇನ್ ಸಂಸ್ಥೆ 2018ರಲ್ಲಿ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಅವುಗಳಲ್ಲಿ ಬಳಸಿದ್ದ ಔಷಧಗಳು 34 ಬಗೆ! ಬಹುಪಾಲು ಅಧ್ಯಯನಗಳ ಗುಣಮಟ್ಟ ಕಡಿಮೆ. ಕೊನೆಗೆ ಸ್ವಲ್ಪ ಗಟ್ಟಿಯಾಗಿ ಹೇಳಲು ಆದದ್ದು ಬಾಯಿಂದ ಕೊಡುವ ಮಿಡಜೋಲಾಮ್ ಕೆಲಸ ಮಾಡುತ್ತದೆ ಅಂತ ಮಾತ್ರ. ‘ಅದು ಹಳೆಯದಾಯಿತು’ ಅಂದವರಿಗೆ ಇದನ್ನು ಹೇಳಬಹುದು.

ಮಂಪರು ಅಂದರೆ ನೋವು ಇಲ್ಲ ಅಂತಲ್ಲ. ಸುನ್ನ ಮಾಡುವ, ಅಂದರೆ ಆ ಜಾಗವನ್ನು ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್ ಬೇಕೇ ಬೇಕು. ಅದಕ್ಕೂ ಮಿತಿ ಇದೆ. ಮಕ್ಕಳಿಗೆ ಕೆ.ಜಿ.ಗೆ 4.4 ಮಿ.ಗ್ರಾಂ ಅಂತ ಲೆಕ್ಕ ಹಿಡಿದರೆ ನಿಮ್ಮ ಮಗಳಿಗೆ ಒಟ್ಟು 70 ಮಿ.ಗ್ರಾಂ. ಎರಡು ಪರ್ಸೆಂಟ್ ದ್ರಾವಣದಲ್ಲಿ ಅದು ಮೂರೂವರೆ ಮಿ.ಲೀ. ಮಾತ್ರ. ಬಾಯಿಯ ನಾಲ್ಕೂ ಕಡೆ ಒಂದೇ ದಿನ ಸುನ್ನ ಮಾಡಲು ಹೋದರೆ ಸುಲಭವಾಗಿ ದಾಟಿಹೋಗುತ್ತದೆ. ಮಂಪರಿನಲ್ಲಿರುವ ಮಗುವಿಗೆ ಲಿಗ್ನೊಕೇನ್ ಜಾಸ್ತಿ ಆದರೆ ಮೊದಲ ಸೂಚನೆಗಳು ಮಂಪರಿನೊಳಗೇ ಮುಚ್ಚಿಹೋಗುತ್ತವೆ. ಔಷಧಗಳ ಚರ್ಚೆಯಲ್ಲಿ ಎಲ್ಲರೂ ಮರೆಯುವುದು ಇದನ್ನೇ.

ಈಗ ನಿಮ್ಮ ಮಗಳ ವಿಷಯ. ಮೊದಲು ಮಕ್ಕಳ ದಂತ ತಜ್ಞರಿಗೆ ತೋರಿಸಿ. ಬೀದರ್‌ನ ನೌಬಾದ್‌ನಲ್ಲಿ ಎಸ್.ಬಿ. ಪಾಟೀಲ ದಂತ ಕಾಲೇಜು ಇದೆ. ಕಲಬುರಗಿಯಲ್ಲಿ ನಿಜಲಿಂಗಪ್ಪ ದಂತ ಕಾಲೇಜು, ಅಲ್-ಬದರ್ ದಂತ ಕಾಲೇಜು ಇವೆ. ಆರೂ ಹಲ್ಲಿಗೆ ಕೊರೆಯುವ ಕೆಲಸ ಬೇಕೇ ಅಂತ ಕೇಳಿ. ಹಾಲು ಹಲ್ಲಿನ ಸಣ್ಣ ಹುಳುಕಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚಿ ಅಲ್ಲೇ ನಿಲ್ಲಿಸಬಹುದು. ಹಲ್ಲು ಕಪ್ಪಾಗುತ್ತದೆ ಅನ್ನುವುದು ಬಿಟ್ಟರೆ ಸೂಜಿಯೂ ಇಲ್ಲ, ಮಂಪರೂ ಇಲ್ಲ. ಎರಡು ಮೂರು ಹಲ್ಲು ಹೀಗೆ ಕಡಿಮೆಯಾದರೆ ಪ್ರಶ್ನೆಯೇ ಬದಲಾಗುತ್ತದೆ.

ಉಳಿದದ್ದು ಒಂದೆರಡೇ ಆದರೆ ಗ್ಯಾಸ್ ಪ್ರಯತ್ನಿಸಿ. ಮಾಸ್ಕನ್ನು ಮನೆಗೆ ಒಯ್ದು ಆಟ ಆಡಿಸಲು ಕೆಲವರು ಕೊಡುತ್ತಾರೆ, ಒಳ್ಳೆಯ ಪದ್ಧತಿ. ಮಾಸ್ಕ್ ಆಗುವುದೇ ಇಲ್ಲ ಅಂದರೆ ಅರಿವಳಿಕೆ ವೈದ್ಯರು ಇರುವ ಕಡೆ ಮಿಡಜೋಲಾಮ್ ಕುಡಿಸಿ ಮಾಡಿಸಿ. ಅದನ್ನು ಉಗಿಯುವ ಮಗುವಾದರೆ ಡೆಕ್ಸ್‌ಮೆಡಿಟೊಮಿಡಿನ್. ಆದರೆ ಆರೂ ಹಲ್ಲಿಗೆ ಕೆಲಸ ಬೇಕು, ಅದರಲ್ಲಿ ಎರಡಕ್ಕೆ ರೂಟ್ ಕೆನಾಲ್ ಅನ್ನುವ ಹಾಗಿದ್ದರೆ ನಾನು ಪೂರ್ತಿ ಅರಿವಳಿಕೆಯ ಕಡೆ. ಜನ ಇದಕ್ಕೆ ಬಹಳ ಹೆದರುತ್ತಾರೆ. ನಿಜ ಹೇಳಬೇಕೆಂದರೆ ಥಿಯೇಟರಿನಲ್ಲಿ ಉಸಿರಿನ ಟ್ಯೂಬ್ ಹಾಕಿ, ಗಂಟಲಿಗೆ ಬಟ್ಟೆ ಇಟ್ಟು, ನಾನು ತಲೆಯ ಹತ್ತಿರವೇ ಕೂತು ಮಾಡಿಸುವ ಒಂದೂವರೆ ಗಂಟೆಯ ಕೆಲಸ, ಕ್ಲಿನಿಕ್ಕಿನಲ್ಲಿ ನಾಲ್ಕು ಸಲ ಅರೆಬರೆ ಮಂಪರು ಕೊಟ್ಟು ಹಿಡಿದುಕೊಂಡು ಮಾಡುವುದಕ್ಕಿಂತ ಸುರಕ್ಷಿತ. ಬೀದರ್‌ನ ಬ್ರಿಮ್ಸ್, ಕಲಬುರಗಿಯ ಜಿಮ್ಸ್ ಥರದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಅರಿವಳಿಕೆ ವಿಭಾಗ ಇದೆ, ವಿಚಾರಿಸಿ.

ಎಲ್ಲೇ ಮಾಡಿಸಿ, ಇದನ್ನು ಕೇಳಿ. ಹಲ್ಲಿನ ಕೆಲಸ ಮಾಡುವವರು ಬಿಟ್ಟು, ಮಗುವನ್ನು ನೋಡಿಕೊಳ್ಳುವುದೇ ಕೆಲಸವಾಗಿರುವ ಇನ್ನೊಬ್ಬರು ಇರುತ್ತಾರಾ? ಆಕ್ಸಿಜನ್, ಮಗುವಿನ ಅಳತೆಯ ಮಾಸ್ಕ್ ಮತ್ತು ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್, ಬಾಯಿಯ ನೀರು ಎಳೆಯುವ ಸಕ್ಷನ್ ಇವೆಯಾ? ಕೊರೊನಾ ಕಾಲದಲ್ಲಿ ಎಲ್ಲರೂ ನೋಡಿದ ಬೆರಳಿನ ಕ್ಲಿಪ್ ಅಂತೂ ಇರಲೇಬೇಕು. ಅದರಲ್ಲೂ ಒಂದು ಮೋಸ ಇದೆ. ಆಕ್ಸಿಜನ್ ಕೊಡುತ್ತಿರುವ ಮಗುವಿನ ಉಸಿರು ನಿಂತರೂ ಕ್ಲಿಪ್ಪಿನ ಅಂಕಿ ಸ್ವಲ್ಪ ಹೊತ್ತು 99 ಅಂತಲೇ ತೋರಿಸುತ್ತಿರುತ್ತದೆ. ಎದೆ ಏಳುವುದನ್ನು ಕಣ್ಣಿಂದ ನೋಡುವವರು ಬೇಕು, ಹೊರಬಿಡುವ ಗಾಳಿ ಅಳೆಯುವ ಯಂತ್ರ ಇದ್ದರೆ ಇನ್ನೂ ಒಳ್ಳೆಯದು. ಇಷ್ಟು ಕೇಳಿದ್ದಕ್ಕೆ ಡಾಕ್ಟರು ಸಿಟ್ಟಾದರೆ ಬೇರೆ ಕಡೆ ಹೋಗಿ.

ಹೊಟ್ಟೆ ಖಾಲಿ ಇರಬೇಕು. ಹಾಲು ಮತ್ತು ಹಗುರ ಊಟಕ್ಕೆ ಆರು ಗಂಟೆ, ಕರಿದದ್ದಕ್ಕೆ ಎಂಟು ಗಂಟೆ. ನೀರು, ಸಕ್ಕರೆ ನೀರು ಮಾತ್ರ ಎರಡು ಗಂಟೆ ಮೊದಲಿನವರೆಗೆ ಕೊಡಬಹುದು, ಕೊಡಿ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುತ್ತದೆ. ರಾತ್ರಿಯಿಂದ ಹನಿ ನೀರಿಲ್ಲದ ಮಗುವನ್ನು ಮಧ್ಯಾಹ್ನ ಕುರ್ಚಿಗೆ ಕೂರಿಸಿದರೆ ಬಿ.ಪಿ. ಮೊದಲೇ ಕುಸಿದಿರುತ್ತದೆ. ಬೆಳಗಿನ ಮೊದಲ ನಂಬರ್ ಕೇಳಿ. ಹಿಂದಿನ ರಾತ್ರಿಯೇ ಬಂದು ನೆಂಟರ ಮನೆಯಲ್ಲಿ ಉಳಿಯಿರಿ. ವಾಪಸು ಹೋಗುವಾಗ ಬೈಕು ಬೇಡ. ಬೀದರ್-ಕಲಬುರಗಿ ರೈಲು ಹುಮನಾಬಾದ್ ಮೇಲೆಯೇ ಹೋಗುತ್ತದೆ, ಇಲ್ಲವೇ ಕಾರು. ಜೊತೆಗೆ ಇಬ್ಬರು ದೊಡ್ಡವರಿರಲಿ, ಒಬ್ಬರ ಕೆಲಸ ಮಗುವಿನ ತಲೆ ನೆಟ್ಟಗೆ ಹಿಡಿಯುವುದು.

ನಿಮ್ಮ ತಾಯಿಯವರ ವಿಷಯಕ್ಕೆ ಬರೋಣ. ಅಲ್ಪ್ರಾಜೋಲಾಮ್ ಸುಮ್ನೆ ನುಂಗಿಸಬೇಡಿ. 64 ವರ್ಷದವರಿಗೆ ಅದು ಎಷ್ಟು ಹತ್ತುತ್ತದೆ ಅಂತ ಮೊದಲೇ ಹೇಳಲಾಗದು. ಬಸ್ ಸ್ಟ್ಯಾಂಡಿನಲ್ಲಿ ಜೋಲಿ ತಪ್ಪಿ ಬಿದ್ದು ಸೊಂಟ ಮುರಿದುಕೊಂಡರೆ ಹಲ್ಲಿನ ನೋವೇ ವಾಸಿ ಅನ್ನಿಸೀತು. ಎರಡು ಹಲ್ಲು ಕೀಳಲು ಬಹಳ ಜನಕ್ಕೆ ಒಳ್ಳೆಯ ಸುನ್ನ ಇಂಜೆಕ್ಷನ್, ಸಮಾಧಾನದ ಮಾತು ಸಾಕು. ಬೇಕೇ ಆದರೆ ರಕ್ತನಾಳಕ್ಕೆ ಮಿಡಜೋಲಾಮ್ ಕೊಡುವುದು ನನ್ನ ಮೊದಲ ಆಯ್ಕೆ. ಅರ್ಧ ಮಿ.ಗ್ರಾಂ ಕೊಟ್ಟು ಮೂರು ನಾಲ್ಕು ನಿಮಿಷ ಸುಮ್ಮನೆ ಕಾಯುವುದು. ವಯಸ್ಸಾದವರಲ್ಲಿ ಔಷಧ ನಿಧಾನಕ್ಕೆ ಮಿದುಳು ಸೇರುತ್ತದೆ. ಹತ್ತಲಿಲ್ಲ ಅಂತ ಆತುರಪಟ್ಟು ಮತ್ತೆ ಕೊಟ್ಟರೆ ಎರಡೂ ಒಟ್ಟಿಗೆ ಏರುತ್ತವೆ. ರೆಮಿಮಜೋಲಾಮ್ ಅನ್ನುವ ಇದರ ತಮ್ಮ ಒಬ್ಬ ಇದ್ದಾನೆ, 2020ರಲ್ಲಿ ಜಪಾನ್, ಅಮೆರಿಕಗಳಲ್ಲಿ ಒಪ್ಪಿಗೆ ಪಡೆದ. ದೇಹದಲ್ಲಿ ಬೇಗ ಒಡೆಯುತ್ತದೆ, ಫ್ಲುಮಾಜೆನಿಲ್ ಇದಕ್ಕೂ ಆಗುತ್ತದೆ. ಮುಂದೆ ಹಿರಿಯರಿಗೆ ಇದೇ ಹೆಚ್ಚು ಬಳಕೆಗೆ ಬಂದೀತು ಅಂತ ನನ್ನ ಅಂದಾಜು. ಡೆಕ್ಸ್‌ಮೆಡಿಟೊಮಿಡಿನ್ ಮಾತ್ರ ತಾಯಿಯವರಿಗೆ ಬೇಡ ಅನ್ನುತ್ತೇನೆ, ಅದರಲ್ಲೂ ಬಿ.ಪಿ.ಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ಇದ್ದರೆ. ನಾಡಿ ಬಹಳ ಇಳಿಯುತ್ತದೆ. ಬಿ.ಪಿ. ಮಾತ್ರೆ ಅಂದು ಬೆಳಗ್ಗೆ ತಪ್ಪಿಸಬಾರದು.

ಅವರು ಎಲೆ ಅಡಿಕೆಗೆ ತಂಬಾಕು, ಗುಟ್ಕಾ ಹಾಕುತ್ತಾರಾ? ಬಾಯಿ ತೆರೆಸಿ ಅವರದೇ ಮೂರು ಬೆರಳು ನೆಟ್ಟಗೆ ಹಲ್ಲುಗಳ ನಡುವೆ ಹೋಗುತ್ತವಾ ನೋಡಿ. ನಮ್ಮ ಭಾಗದಲ್ಲಿ ಅಡಿಕೆ, ಗುಟ್ಕಾದಿಂದ ಕೆನ್ನೆಯ ಒಳಭಾಗ ಬಿಗಿದು ಬಾಯಿ ಎರಡು ಬೆರಳೂ ತೆರೆಯದವರು ಎಷ್ಟೋ ಜನ. ಅಂಥವರಿಗೆ ಉಸಿರು ನಿಂತರೆ ಟ್ಯೂಬ್ ಹಾಕುವುದು ನನಗೂ ಕಷ್ಟ, ಹಾಗಾಗಿ ಕ್ಲಿನಿಕ್ಕಿನಲ್ಲಿ ಮಂಪರು ಕೂಡದು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರಿಗೂ ಅಷ್ಟೇ. ಮನೆಯ ಬೇರೆಯವರಿಗೆ ಅಂತ ಒಂದು ಮಾತು ಸೇರಿಸುತ್ತೇನೆ: ದಿನವೂ ಸೇಂದಿ ಕುಡಿಯುವವರು ಅದನ್ನು ಡಾಕ್ಟರಿಗೆ ಹೇಳಲು ನಾಚಬಾರದು. ಕಲಬೆರಕೆಯಲ್ಲಿ ಡಯಜೆಪಾಮ್, ಅಲ್ಪ್ರಾಜೋಲಾಮ್ ಕೂಡ ಇರುವುದುಂಟು. ಅದಕ್ಕೆ ಒಗ್ಗಿದ ದೇಹಕ್ಕೆ ಮಿಡಜೋಲಾಮ್ ನಾಟುವುದಿಲ್ಲ. ಅಂಥವರಿಗೆ ಫ್ಲುಮಾಜೆನಿಲ್ ಕೊಟ್ಟರೆ ಫಿಟ್ಸ್ ಬರಬಹುದು.

ಬುದ್ಧಿಯ ಪ್ರಶ್ನೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಒಂದು ಎಚ್ಚರಿಕೆ ಕೊಟ್ಟಿತು. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ಹೆಚ್ಚು ಹೊತ್ತು, ಇಲ್ಲವೇ ಮತ್ತೆ ಮತ್ತೆ ಅರಿವಳಿಕೆ ಕೊಟ್ಟರೆ ಮಿದುಳಿನ ಬೆಳವಣಿಗೆಗೆ ತೊಂದರೆ ಆಗಬಹುದು ಅಂತ. ಪಟ್ಟಿಯಲ್ಲಿ ಮಿಡಜೋಲಾಮ್, ಕೆಟಮೈನ್, ಪ್ರೊಪೊಫಾಲ್ ಇದ್ದವು. ಒಂದೇ ಸಲದ, ಕಡಿಮೆ ಹೊತ್ತಿನ ಅರಿವಳಿಕೆಯಿಂದ ಹಾಗಾಗುವ ಸಂಭವ ಕಡಿಮೆ ಅಂತಲೂ ಅವರೇ ಹೇಳಿದರು. ಹಸುಗೂಸಾಗಿದ್ದಾಗ ಒಂದು ಗಂಟೆಯೊಳಗಿನ ಅರಿವಳಿಕೆ ಪಡೆದ ಮಕ್ಕಳನ್ನು ಐದನೇ ವರ್ಷದಲ್ಲಿ ಪರೀಕ್ಷಿಸಿದ ದೊಡ್ಡ ಅಧ್ಯಯನ 2019ರಲ್ಲಿ ಬಂತು, ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಮಗಳಿಗೆ ಈಗಾಗಲೇ ಐದು ವರ್ಷ. ಆರು ಹುಳುಕು ಹಲ್ಲು ಇಟ್ಟುಕೊಂಡು ರಾತ್ರಿ ನಿದ್ದೆ ಇಲ್ಲದೆ, ಸರಿಯಾಗಿ ಊಟ ಮಾಡದೆ ಇರುವುದು ಅವಳ ಓದಿಗೆ ಇದಕ್ಕಿಂತ ಜಾಸ್ತಿ ಕೆಡುಕು. ಈ ಕಾರಣಕ್ಕೆ ಕೆಲಸ ಮುಂದೂಡಬೇಡಿ. ನೆಗಡಿ ಕೆಮ್ಮು ಇದ್ದರೆ ಮಾತ್ರ ಅದು ಇಳಿದು ಎರಡು ವಾರ ಆಗುವವರೆಗೆ ಕಾಯಿರಿ.